ಸಮತೋಲನಕ್ಕೆ ಒಂದು ಹನಿ ಸೇರಿಸಿದಾಗ

ರಸಾಯನಶಾಸ್ತ್ರದಲ್ಲಿ ನನಗೆ ಬಹಳ ಇಷ್ಟವಾದ ಪ್ರಯೋಗವೊಂದಕ್ಕೆ ಬೆಂಕಿಯಾಗಲಿ ದುಬಾರಿ ಉಪಕರಣವಾಗಲಿ ಬೇಕಿಲ್ಲ. ತಿಳಿಹಳದಿ ಬಣ್ಣದ ಫೆರಿಕ್ ನೈಟ್ರೇಟ್ ದ್ರಾವಣಕ್ಕೆ, ಬಣ್ಣವೇ ಇಲ್ಲದ ಪೊಟ್ಯಾಸಿಯಂ ಥಯೋಸಯನೇಟ್ ದ್ರಾವಣದ ಕೆಲವು ಹನಿ ಬಿಟ್ಟ ಕೂಡಲೇ ನೆತ್ತರಿನಂತಹ ಕೆಂಪು ಹುಟ್ಟುತ್ತದೆ. ಕಬ್ಬಿಣದ ಅಯಾನು ಮತ್ತು ಥಯೋಸಯನೇಟ್ ಅಯಾನು ಕೂಡಿ ಉಂಟಾಗುವ ಸಂಕೀರ್ಣ ಅಯಾನಿನ ಬಣ್ಣ ಅದು. ಆಚೆ ಬದಿ ಕಾಣುವಷ್ಟು ತೆಳುವಾಗುವವರೆಗೆ ಇದಕ್ಕೆ ನೀರು ಬೆರೆಸಿ, ನಾಲ್ಕು ಪ್ರನಾಳಗಳಿಗೆ ಸಮವಾಗಿ ಹಂಚಿ, ಮೊದಲನೆಯದನ್ನು ಹೋಲಿಕೆಗೆಂದು ಹಾಗೆಯೇ ಇಡಬೇಕು. ಎರಡನೆಯದಕ್ಕೆ ಫೆರಿಕ್ ನೈಟ್ರೇಟಿನ ಒಂದು ಹನಿ ಬಿದ್ದರೆ ಕೆಂಪು ಗಾಢವಾಗುತ್ತದೆ. ಮೂರನೆಯದಕ್ಕೆ ಥಯೋಸಯನೇಟಿನ ಒಂದು ಹನಿ ಬಿದ್ದರೆ ಅಲ್ಲಿಯೂ ಕೆಂಪು ಗಾಢವಾಗುತ್ತದೆ.

ಈ ಎರಡನೆಯ ಮತ್ತು ಮೂರನೆಯ ಪ್ರನಾಳಗಳನ್ನು ಅಕ್ಕಪಕ್ಕ ಹಿಡಿದು ನೋಡುವುದರಲ್ಲಿಯೇ ವಿಷಯದ ತಿರುಳಿದೆ. ಕಬ್ಬಿಣದ ಅಯಾನುಗಳೆಲ್ಲ ಮೊದಲೇ ಖರ್ಚಾಗಿದ್ದಿದ್ದರೆ ಥಯೋಸಯನೇಟ್ ಸೇರಿಸಿದಾಗ ಬಣ್ಣ ಏರುತ್ತಿರಲಿಲ್ಲ. ಥಯೋಸಯನೇಟ್ ಎಲ್ಲ ಮುಗಿದಿದ್ದರೆ ಕಬ್ಬಿಣ ಸೇರಿಸಿ ಪ್ರಯೋಜನವಿರಲಿಲ್ಲ. ಎರಡೂ ಕಡೆ ಬಣ್ಣ ಏರಿತೆಂದರೆ, ಕ್ರಿಯೆ ನಿಂತಂತೆ ಕಂಡ ಆ ದ್ರಾವಣದಲ್ಲಿ ಎರಡು ಪ್ರತಿವರ್ತಕಗಳೂ (ಕ್ರಿಯೆಗೆ ಒಳಗಾಗುವ ವಸ್ತುಗಳೂ) ಉಳಿದಿದ್ದವು ಎಂದಾಯಿತು. ಕೂಡುವ ಮುಮ್ಮುಖ ಕ್ರಿಯೆ, ಒಡೆಯುವ ಹಿಮ್ಮುಖ ಕ್ರಿಯೆ ಎರಡೂ ಒಂದೇ ವೇಗದಲ್ಲಿ ನಡೆಯುತ್ತಿರುವ ಈ ಸ್ಥಿತಿಯೇ ಸಮತೋಲನ. ನಾಲ್ಕನೆಯ ಪ್ರನಾಳಕ್ಕೆ ಆಕ್ಸಾಲಿಕ್ ಆಮ್ಲ ಹಾಕಿದರೆ ಅದು ಬಿಡಿ ಕಬ್ಬಿಣದ ಅಯಾನುಗಳನ್ನು ತನ್ನೊಡನೆ ಬಿಗಿಯಾಗಿ ಕಟ್ಟಿಕೊಳ್ಳುತ್ತದೆ. ಕೆಂಪು ಸಂಕೀರ್ಣ ಒಡೆದು, ಬಣ್ಣ ಮಾಸುತ್ತದೆ.

ವಿದ್ಯಾರ್ಥಿಯಾಗಿದ್ದಾಗ ನಾನು ಇದನ್ನು ಒಂದೇ ವಾಕ್ಯದಲ್ಲಿ ಬಾಯಿಪಾಠ ಮಾಡಿದ್ದೆ: ಸಮತೋಲನದಲ್ಲಿರುವ ವ್ಯವಸ್ಥೆಯಲ್ಲಿ ಬದಲಾವಣೆ ತಂದರೆ ವ್ಯವಸ್ಥೆಯು ಆ ಬದಲಾವಣೆಯನ್ನು ವಿರೋಧಿಸುವ ದಿಕ್ಕಿನಲ್ಲಿ ಸರಿಯುತ್ತದೆ. ಫ್ರಾನ್ಸಿನ ಲೆ ಶಾಟೆಲಿಯರ್ 1884ರಲ್ಲಿ ಮುಂದಿಟ್ಟ ತತ್ವದ ಸರಳ ರೂಪವಿದು. ಇದು ಉಪಯುಕ್ತವಾದ ವಾಕ್ಯವೇ, ಆದರೆ ‘ವಿರೋಧ’ ಎಂಬ ಮಾತು ನನ್ನನ್ನು ಬಹುಕಾಲ ದಾರಿ ತಪ್ಪಿಸಿತು. ಸೇರಿಸಿದ ವಸ್ತುವನ್ನು ಕ್ರಿಯೆಯು ಪೂರ್ತಿಯಾಗಿ ಬಳಸಿಕೊಂಡು ಮೊದಲಿನ ಸ್ಥಿತಿಗೇ ಮರಳುತ್ತದೆ ಎಂದು ನಾನು ನಂಬಿದ್ದೆ. ಏಕೆ ವಿರೋಧಿಸುತ್ತದೆ, ಎಷ್ಟು ವಿರೋಧಿಸುತ್ತದೆ ಎಂಬ ಪ್ರಶ್ನೆಗಳಿಗೆ ಆ ವಾಕ್ಯದಲ್ಲಿ ಉತ್ತರವಿಲ್ಲ. ಅದಕ್ಕೆ ಇಪ್ಪತ್ತು ವರ್ಷ ಮೊದಲೇ, 1864ರಲ್ಲಿ, ನಾರ್ವೆಯ ಗುಲ್ಡ್‌ಬರ್ಗ್ ಮತ್ತು ವಾಗೆ ಎಂಬ ಇಬ್ಬರು ಮಂಡಿಸಿದ, ಕ್ರಿಯೆಯ ವೇಗವನ್ನು ವಸ್ತುಗಳ ಪ್ರಮಾಣದೊಂದಿಗೆ ಜೋಡಿಸುವ ರಾಶಿಕ್ರಿಯಾ ನಿಯಮದ ದಾರಿಯಲ್ಲಿ ಹೋದರೆ ಉತ್ತರ ಸಿಗುತ್ತದೆ.

ಅವರು ಆಧಾರವಾಗಿ ಬಳಸಿಕೊಂಡದ್ದು ಅಸಿಟಿಕ್ ಆಮ್ಲ ಮತ್ತು ಎಥನಾಲ್ ಸೇರಿ ಎಥಿಲ್ ಅಸಿಟೇಟ್ ಎಂಬ ಎಸ್ಟರ್ ಹಾಗೂ ನೀರು ಉಂಟಾಗುವಂತಹ ಕ್ರಿಯೆಗಳ ಅಳತೆಗಳನ್ನು. ಉತ್ಪನ್ನಗಳ ಸಾರತೆಗಳ (ನಿರ್ದಿಷ್ಟ ಗಾತ್ರದಲ್ಲಿರುವ ವಸ್ತುವಿನ ಪ್ರಮಾಣಗಳ) ಗುಣಲಬ್ಧವನ್ನು ಪ್ರತಿವರ್ತಕಗಳ ಸಾರತೆಗಳ ಗುಣಲಬ್ಧದಿಂದ ಭಾಗಿಸಿದಾಗ ಬರುವ ಸಂಖ್ಯೆಯನ್ನು ಕ್ಯೂ ಎನ್ನೋಣ. ಸಮತೋಲನದಲ್ಲಿ ಈ ಕ್ಯೂ ಒಂದು ನಿಗದಿತ ಬೆಲೆಗೆ, ಅಂದರೆ ಸಮತೋಲನ ಸ್ಥಿರಾಂಕವಾದ ಕೆ ಎಂಬುದಕ್ಕೆ, ಸಮನಾಗುತ್ತದೆ. ಈ ಕ್ರಿಯೆಗೆ ಕೆ ಬೆಲೆ ಸುಮಾರು 4. ಒಂದು ಮೋಲ್ (ಅಣುಗಳ ಸಂಖ್ಯೆಯನ್ನು ಹೇಳುವ ಅಳತೆ) ಆಮ್ಲ, ಒಂದು ಮೋಲ್ ಎಥನಾಲ್ ತೆಗೆದುಕೊಂಡರೆ ಕ್ರಿಯೆಯು ಮೂರರಲ್ಲಿ ಎರಡು ಪಾಲು ನಡೆದು ನಿಂತಂತೆ ಕಾಣುತ್ತದೆ: ಎಸ್ಟರ್ ಮತ್ತು ನೀರು ತಲಾ 0.667 ಮೋಲ್, ಆಮ್ಲ ಮತ್ತು ಎಥನಾಲ್ ತಲಾ 0.333 ಮೋಲ್.

ಈಗ ಇದಕ್ಕೆ ಇನ್ನೊಂದು ಮೋಲ್ ಎಥನಾಲ್ ಸುರಿಯೋಣ. ಎಥನಾಲ್ 0.333ರಿಂದ 1.333ಕ್ಕೆ, ಅಂದರೆ ನಾಲ್ಕು ಪಟ್ಟಿಗೆ ಏರಿತು. ಅದು ಭಾಜಕದಲ್ಲಿರುವುದರಿಂದ ಕ್ಯೂ 4ರಿಂದ 1ಕ್ಕೆ ಕುಸಿಯಿತು. ದ್ರಾವಣದ ಗಾತ್ರ ಹೆಚ್ಚಿದ್ದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಆಮ್ಲದ ಅಣುಗಳಿಗೆ ಎಥನಾಲ್ ಅಣುಗಳು ಎದುರಾಗುವ ಸಂದರ್ಭಗಳು ನಾಲ್ಕು ಪಟ್ಟಾಗಿ ಮುಮ್ಮುಖ ಕ್ರಿಯೆಯ ವೇಗವೂ ನಾಲ್ಕು ಪಟ್ಟಾಗುತ್ತದೆ. ಎಸ್ಟರ್ ಮತ್ತು ನೀರಿನ ಪ್ರಮಾಣ ಆ ಕ್ಷಣದಲ್ಲಿ ಬದಲಾಗಿಲ್ಲವಾದ್ದರಿಂದ ಹಿಮ್ಮುಖ ಕ್ರಿಯೆಯ ವೇಗ ಇದ್ದಷ್ಟೇ ಇರುತ್ತದೆ. ವಿರೋಧವೆಂದು ನಾವು ಕರೆಯುವುದರ ಹಿಂದೆ ಇರುವುದು ಇಷ್ಟೇ. ಯಾವ ಅಣುವಿಗೂ ಸಮತೋಲನವನ್ನು ಕಾಪಾಡುವ ಉದ್ದೇಶವಿಲ್ಲ. ಒಂದು ವೇಗ ಏರಿದೆ, ಇನ್ನೊಂದು ಏರಿಲ್ಲ. ಆಮ್ಲ ಖರ್ಚಾಗುತ್ತ ಬಂದಂತೆ ಮುಮ್ಮುಖ ವೇಗ ಇಳಿಯುತ್ತದೆ, ಎಸ್ಟರ್ ಹೆಚ್ಚುತ್ತ ಹೋದಂತೆ ಹಿಮ್ಮುಖ ವೇಗ ಏರುತ್ತದೆ, ಕ್ಯೂ ಮತ್ತೆ 4 ಮುಟ್ಟಿದಾಗ ಎರಡೂ ಸಮನಾಗುತ್ತವೆ.

ಹೊಸ ಸಮತೋಲನದಲ್ಲಿ ಎಸ್ಟರ್ 0.845 ಮೋಲ್, ಆಮ್ಲ 0.155, ಎಥನಾಲ್ 1.155. ಈ ಕೊನೆಯ ಸಂಖ್ಯೆಯ ಮೇಲೆ ಸ್ವಲ್ಪ ಹೊತ್ತು ಕಣ್ಣು ನಿಲ್ಲಬೇಕು. ನಾವು ಸೇರಿಸಿದ ಒಂದು ಮೋಲ್ ಎಥನಾಲಿನಲ್ಲಿ ಖರ್ಚಾದದ್ದು 0.178 ಮೋಲ್ ಮಾತ್ರ. ಐದರಲ್ಲಿ ಒಂದು ಪಾಲೂ ಇಲ್ಲ. ಎಥನಾಲಿನ ಪ್ರಮಾಣ ಮೊದಲಿಗಿಂತ ಬಹಳ ಹೆಚ್ಚಾಗಿಯೇ ಉಳಿಯಿತು. ಬದಲಾಗದೆ ಉಳಿದದ್ದು ಕೆ ಒಂದೇ, ಸಾರತೆಗಳೆಲ್ಲವೂ ಬದಲಾದವು. ಸಾರತೆ ಹೆಚ್ಚಿಸಿದರೆ ಸಮತೋಲನ ಸ್ಥಿರಾಂಕವೂ ಹೆಚ್ಚುತ್ತದೆಂದು ಉತ್ತರ ಬರೆಯುವವರು ತಪ್ಪುವುದು ಇಲ್ಲಿಯೇ. ಕೆ ಬದಲಾಗಬೇಕಾದರೆ ತಾಪ ಬದಲಾಗಬೇಕು.

ಹಾಗಾದರೆ ಎಥನಾಲ್ ಸುರಿಯುತ್ತಲೇ ಹೋಗಿ ಆಮ್ಲವನ್ನೆಲ್ಲ ಎಸ್ಟರ್ ಮಾಡಿಬಿಡಬಹುದೇ? ಒಂದು ಮೋಲ್ ಆಮ್ಲಕ್ಕೆ ಮೂರು ಮೋಲ್ ಎಥನಾಲ್ ಇದ್ದರೆ ನೂರರಲ್ಲಿ 90 ಪಾಲು ಆಮ್ಲ ಪರಿವರ್ತನೆಯಾಗುತ್ತದೆ. ಹತ್ತು ಮೋಲ್ ಇದ್ದರೂ 97 ಪಾಲು. ಮೊದಲ ಹೆಜ್ಜೆಗಳ ಲಾಭ ಕೊನೆಯ ಹೆಜ್ಜೆಗಳಲ್ಲಿ ಸಿಗುವುದಿಲ್ಲ, ನೂರಕ್ಕೆ ನೂರು ಎಂದೂ ಬರುವುದಿಲ್ಲ. ಉತ್ಪನ್ನವನ್ನು ಹೊರತೆಗೆಯುವುದೇ ಹೆಚ್ಚು ಫಲಕಾರಿ. ಉಂಟಾದ ನೀರನ್ನು ಆಗಿಂದಾಗಲೇ ತೆಗೆಯುತ್ತಿದ್ದರೆ ಭಾಜ್ಯವೇ ಕುಗ್ಗುತ್ತದೆ, ಕ್ಯೂ 4ನ್ನು ತಲುಪಲು ಆಗುವುದೇ ಇಲ್ಲ, ಕ್ರಿಯೆ ಮುಂದಕ್ಕೆ ಸಾಗುತ್ತಲೇ ಇರುತ್ತದೆ. ಅಮೋನಿಯ ತಯಾರಿಕೆಯಲ್ಲಿಯೂ ಇದೇ ಉಪಾಯ ಕೆಲಸ ಮಾಡುತ್ತದೆ: ಒಂದು ಸುತ್ತಿನಲ್ಲಿ ಅಮೋನಿಯವಾಗುವುದು ಅನಿಲದ ಸಣ್ಣ ಪಾಲಷ್ಟೇ ಆದರೂ, ಮಿಶ್ರಣವನ್ನು ತಣಿಸಿ ಅಮೋನಿಯವನ್ನು ದ್ರವವಾಗಿ ಬೇರ್ಪಡಿಸಿ, ಉಳಿದ ನೈಟ್ರೋಜನ್ ಹೈಡ್ರೋಜನ್‌ಗಳನ್ನು ಮತ್ತೆ ಮತ್ತೆ ಒಳಗೆ ಕಳುಹಿಸುವುದರಿಂದ ಕೊನೆಗೆ ಬಹುಪಾಲು ಅನಿಲ ಬಳಕೆಯಾಗುತ್ತದೆ.

ವಸ್ತುವನ್ನು ಸೇರಿಸಿದರೆ ಸಮತೋಲನ ಸರಿಯುತ್ತದೆ ಎಂಬ ಮಾತು ಶುದ್ಧ ಘನವಸ್ತುಗಳಿಗೆ ಅನ್ವಯಿಸುವುದಿಲ್ಲ. ಮುಚ್ಚಿದ ಪಾತ್ರೆಯಲ್ಲಿ ಸುಣ್ಣದ ಕಲ್ಲು, ಸುಟ್ಟ ಸುಣ್ಣ ಮತ್ತು ಕಾರ್ಬನ್ ಡೈಆಕ್ಸೈಡ್ ಸಮತೋಲನದಲ್ಲಿದ್ದಾಗ ಇನ್ನಷ್ಟು ಸುಣ್ಣದ ಕಲ್ಲು ಹಾಕಿದರೆ ಏನೂ ಸರಿಯುವುದಿಲ್ಲ, ಏಕೆಂದರೆ ಘನದ ಮೊತ್ತ ಹೆಚ್ಚಿದರೂ ಅದರ ಸಾರತೆ ಹೆಚ್ಚುವುದಿಲ್ಲ.

ನೀರು ಬೆರೆಸುವುದು ಮಾತ್ರ ಗಮನವಿಟ್ಟು ನೋಡಬೇಕಾದದ್ದು. ಕೆಂಪು ದ್ರಾವಣಕ್ಕೆ ಅಷ್ಟೇ ನೀರು ಸೇರಿಸಿದರೆ ಮೂರೂ ಅಯಾನುಗಳ ಸಾರತೆ ಅರ್ಧವಾಗುತ್ತದೆ. ಭಾಜ್ಯದಲ್ಲಿ ಒಂದೇ ಅರ್ಧ, ಭಾಜಕದಲ್ಲಿ ಅರ್ಧದ ಅರ್ಧ; ಕ್ಯೂ ಕೆಯ ಎರಡರಷ್ಟಾಗಿ, ಸಂಕೀರ್ಣ ಅಯಾನು ಒಡೆಯತೊಡಗುತ್ತದೆ. ಇದನ್ನು ಪಕ್ಕದಿಂದ ನೋಡಿದರೆ ನೀರಿನಿಂದ ತೆಳುವಾಯಿತೋ, ಸಮತೋಲನ ಸರಿದು ತೆಳುವಾಯಿತೋ ಹೇಳಲಾಗದು. ಪ್ರನಾಳವನ್ನು ಬಿಳಿ ಹಾಳೆಯ ಮೇಲೆ ನಿಲ್ಲಿಸಿ ಬಾಯಿಯಿಂದ ತಳದ ಕಡೆಗೆ ನೋಡಬೇಕು. ಸಾರತೆ ಅರ್ಧವಾದರೂ ದ್ರಾವಣದ ಎತ್ತರ ಎರಡರಷ್ಟಾಗಿರುವುದರಿಂದ, ನೀರಿನ ಪರಿಣಾಮವಷ್ಟೇ ಆಗಿದ್ದರೆ ಮೇಲಿನಿಂದ ಕಾಣುವ ಬಣ್ಣ ಮೊದಲಿನಷ್ಟೇ ಇರಬೇಕಿತ್ತು. ಆದರೆ ಅದು ಮಾಸಿರುತ್ತದೆ. ಹಾಗೆ ಮಾಸಿದಷ್ಟೂ ಸಂಕೀರ್ಣ ಅಯಾನು ಒಡೆದದ್ದರ ಗುರುತು. ಇದನ್ನು ಮೊದಲ ಬಾರಿ ಮೇಲಿನಿಂದ ನೋಡಿದ ದಿನ ಸಮತೋಲನವೆಂಬುದು ನನಗೆ ಸೂತ್ರದಿಂದಾಚೆಗಿನ ವಸ್ತುವಾಯಿತು.

ಬಾಯಿಪಾಠದ ವಾಕ್ಯವನ್ನು ಬಿಟ್ಟು ಕ್ಯೂ ಲೆಕ್ಕವನ್ನೇ ಹಿಡಿಯಬೇಕೆನ್ನಲು ನನಗಿರುವ ಅತ್ಯಂತ ಬಲವಾದ ಕಾರಣ ಅಮೋನಿಯದ್ದೇ. ಆಡುಬೆಣೆಯಿರುವ (ಪಿಸ್ಟನ್ ಇರುವ), ಒತ್ತಡ ಬದಲಾಗದ ಪಾತ್ರೆಯಲ್ಲಿ 60 ಮೋಲ್ ನೈಟ್ರೋಜನ್, 30 ಮೋಲ್ ಹೈಡ್ರೋಜನ್, 10 ಮೋಲ್ ಅಮೋನಿಯ ಸಮತೋಲನದಲ್ಲಿವೆ ಎಂದುಕೊಳ್ಳೋಣ. ಇದಕ್ಕೆ 10 ಮೋಲ್ ನೈಟ್ರೋಜನ್ ಸೇರಿಸಿದರೆ ಗಾತ್ರ ಹಿಗ್ಗುತ್ತದೆ. ನೈಟ್ರೋಜನ್ನಿನ ಪಾಲು 60ರಿಂದ 63.6ಕ್ಕಷ್ಟೇ ಏರುತ್ತದೆ, ಹೈಡ್ರೋಜನ್ ಮತ್ತು ಅಮೋನಿಯಗಳ ಪಾಲು ಹನ್ನೊಂದರಲ್ಲಿ ಹತ್ತಕ್ಕೆ ಇಳಿಯುತ್ತದೆ. ಒಂದು ನೈಟ್ರೋಜನ್ ಅಣು ಮೂರು ಹೈಡ್ರೋಜನ್ ಅಣುಗಳೊಡನೆ ಸೇರಿ ಎರಡು ಅಮೋನಿಯ ಅಣುಗಳಾಗುತ್ತವೆ; ಹೀಗಾಗಿ ಭಾಜಕದಲ್ಲಿ ಹೈಡ್ರೋಜನ್ ಮೂರನೆಯ ಘಾತದಲ್ಲಿಯೂ, ಭಾಜ್ಯದಲ್ಲಿ ಅಮೋನಿಯ ಎರಡನೆಯ ಘಾತದಲ್ಲಿಯೂ ಇರುವುದರಿಂದ ಕ್ಯೂ ಇಳಿಯುವ ಬದಲು ನೂರಕ್ಕೆ ಸುಮಾರು 4ರಷ್ಟು ಏರುತ್ತದೆ. ಪ್ರತಿವರ್ತಕವನ್ನು ಸೇರಿಸಿದ್ದೇವೆ, ಆದರೂ ಅಮೋನಿಯ ಒಡೆಯುತ್ತದೆ. ಮಿಶ್ರಣದ ಅರ್ಧಕ್ಕಿಂತ ಹೆಚ್ಚು ಪಾಲು ನೈಟ್ರೋಜನ್ ಆಗಿದ್ದಾಗಲೆಲ್ಲ ಹೀಗಾಗುತ್ತದೆ. ಅದೇ 10 ಮೋಲ್ ನೈಟ್ರೋಜನ್ನನ್ನು ಗಾತ್ರ ಬದಲಾಗದ ಪಾತ್ರೆಗೆ ತುಂಬಿದ್ದರೆ ಕ್ಯೂ ಏಳರಲ್ಲಿ ಆರು ಪಾಲಿಗೆ ಇಳಿದು, ಅಮೋನಿಯ ಹೆಚ್ಚುತ್ತಿತ್ತು.