ಮಹಾಕೂಟ: ಗುಡಿ ನೋಡಲು ಹೋಗಿ ನೀರಲ್ಲಿ ಕೂತ ದಿನ

ಬಾದಾಮಿಗೆ ಹೋದವರೆಲ್ಲ ಮೇಣಬಸದಿಯ ಗುಹೆಗಳನ್ನು ನೋಡುತ್ತಾರೆ, ಅಗಸ್ತ್ಯ ತೀರ್ಥದ ದಂಡೆಯಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ, ಆಮೇಲೆ ಪಟ್ಟದಕಲ್ಲು, ಐಹೊಳೆ ಅಂತ ಓಡುತ್ತಾರೆ. ನಾವೂ ಎರಡು ಸಲ ಹಾಗೇ ಮಾಡಿದ್ದೆವು. ಈ ಸಲ ಅವ್ವ ಜೊತೆಗಿದ್ದಳು. ಹುಬ್ಬಳ್ಳಿಯಲ್ಲಿ ರೈಲು ಹತ್ತುವಾಗಲೇ ಹೇಳಿದ್ದಳು, "ಮಹಾಕೂಟದ ಹೊಂಡದಾಗ ಒಂದು ಜಳಕಾ ಮಾಡಬೇಕ ನೋಡವಾ, ಉಳಿದದ್ದು ನೀವು ಹ್ಯಾಂಗಂತೀರಿ ಹಂಗ."

ಬಾದಾಮಿ ಸ್ಟೇಷನ್ನು ಊರಿನಿಂದ ಐದು ಕಿಲೋಮೀಟರ್ ಆಚೆ ಇದೆ. ಊರಿಗೆ ಬಂದು, ತಿಂಡಿ ತಿಂದು, ಒಂದು ಆಟೊ ಮಾತಾಡಿಕೊಂಡು ಹೊರಟೆವು. ರಸ್ತೆಯಲ್ಲಿ ಸುಮಾರು 14 ಕಿಲೋಮೀಟರ್. ಗುಡ್ಡ ದಾಟಿ ನಡೆದು ಬರುವ ಹಳೇ ಕಾಲುದಾರಿಯೂ ಉಂಟು, ಅದು ಇದರ ಅರ್ಧವೂ ಇಲ್ಲ. ಅವ್ವನ ಮೊಣಕಾಲು ನೋಡಿ ಅದನ್ನು ಬಿಟ್ಟೆವು.

ಕಾಡು ಅಂದರೆ ಮಲೆನಾಡಿನ ಕಾಡಲ್ಲ. ಕೆಂಪು ಕಲ್ಲಿನ ಗುಡ್ಡ, ಅದರ ತುಂಬ ಕುರುಚಲು ಗಿಡ, ಮುಳ್ಳು, ಒಣಹುಲ್ಲು. ಡಿಸೆಂಬರ್‌ನಲ್ಲೇ ಬಿಸಿಲು ಚುರುಗುಟ್ಟುತ್ತಿತ್ತು. ಆದರೆ ಮಹಾಕೂಟ ಹತ್ತಿರ ಬಂದಂತೆ ಮರಗಳು ದೊಡ್ಡದಾಗುತ್ತವೆ, ನೆರಳು ದಟ್ಟವಾಗುತ್ತದೆ, ಗಾಳಿಯೇ ಬೇರೆ ಅನಿಸುತ್ತದೆ. ಒಳಗೆ ಕಾಲಿಟ್ಟರೆ ಆಲದ ಮರ, ಅದರ ಬಿಳಲು, ಬಿಳಲು ಹಿಡಿದು ಜೋತಾಡುವ ಮಂಗಗಳು, ನಡುವೆ ಹಸಿರು ಬಣ್ಣದ ತುಂಬಿದ ಹೊಂಡ. ಸುತ್ತಲೂ ಗುಡಿಗಳು, ದೊಡ್ಡವು ಎರಡು ಮೂರು, ಉಳಿದವೆಲ್ಲ ಚಿಕ್ಕ ಚಿಕ್ಕವು.

ಹೊಂಡಕ್ಕೆ ವಿಷ್ಣು ಪುಷ್ಕರಣಿ ಅಂತ ಹೆಸರು. ಗುಡ್ಡದ ಬುಡದ ಒರತೆಯಿಂದ ನೀರು ಬರುತ್ತದೆ. ಮಳೆಗಾಲದಲ್ಲಿ ಈ ಮರಳುಗಲ್ಲಿನ ಬಿರುಕುಗಳಲ್ಲಿ ಇಳಿದ ನೀರು ಕೆಳಗೆ ಬಂದು ಹೊರಗೆ ಒಸರುತ್ತದೆ. ಸುತ್ತ ಇಷ್ಟು ಒಣಭೂಮಿ ಇದ್ದು ಇಲ್ಲಿ ಮಾತ್ರ ನೀರು ಉಕ್ಕುತ್ತಿದ್ದರೆ ಯಾರಿಗಾದರೂ ದೇವರು ಕಾಣಲೇಬೇಕು, ಅಲ್ವಾ? ಗುಡಿ ಕಟ್ಟಿ ಆಮೇಲೆ ಹೊಂಡ ತೋಡಿದ್ದಲ್ಲ, ನೀರಿಗಾಗಿಯೇ ಗುಡಿಗಳು ಬಂದು ಇಲ್ಲಿ ಕೂತಿವೆ ಅಂತ ನನಗೆ ಅನಿಸಿತು. ಹಿಂದೊಮ್ಮೆ ಲಕ್ಕುಂಡಿಯಲ್ಲಿ ಮಾಣಿಕೇಶ್ವರ ಗುಡಿ ಎದುರಿನ ಮುಸುಕಿನ ಬಾವಿ ನೋಡಿದ್ದೆವು. ಅಲ್ಲಿ ಮೆಟ್ಟಿಲು ಇಳಿದು ಇಳಿದು ನೀರಿನ ಹತ್ತಿರ ಹೋಗಬೇಕು. ಇಲ್ಲಿ ನೀರೇ ನಿಮ್ಮ ಕಾಲ ಹತ್ತಿರ ಬಂದಿರುತ್ತದೆ.

ಊರ ಹುಡುಗರು ಗೋಡೆ ಮೇಲಿಂದ ಧುಮುಕುತ್ತಿದ್ದರು. ನೀರಿನ ಕೆಳಗೆ ಗೋಡೆಯೊಳಗೆ ಒಂದು ಕಿಂಡಿ ಇದೆ, ಅದರಲ್ಲಿ ನುಸುಳಿ ಹೋದರೆ ಒಳಗೆ ಲಿಂಗ ಇದೆ ಅಂತ ಒಬ್ಬ ಹೇಳಿದ. ಹೇಳಿದವನೇ ಮುಳುಗಿ ಸುಮಾರು ಹೊತ್ತು ಬರಲೇ ಇಲ್ಲ, ನನ್ನ ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ಬೇರೆ ಕಡೆ ತಲೆ ಎತ್ತಿ ನಕ್ಕ. ಕಣ್ಣಿಗೆ ಕಾಣುವ ಲಿಂಗವೂ ಒಂದಿದೆ, ನೀರೊಳಗೇ ನಿಂತ ಪುಟ್ಟ ಮಂಟಪದಲ್ಲಿ. ನಾಲ್ಕು ದಿಕ್ಕಿಗೆ ನಾಲ್ಕು ಮುಖ, ಮೇಲೊಂದು ಸೇರಿ ಪಂಚಮುಖ ಅನ್ನುತ್ತಾರೆ. ಸಾವಿರಾರು ಒದ್ದೆ ಕೈಗಳು ಮುಟ್ಟಿ ಮುಟ್ಟಿ ಆ ಮುಖಗಳ ಮೂಗು, ಗಲ್ಲ ಎಲ್ಲ ನುಣ್ಣಗಾಗಿವೆ. ಅವ್ವ ಮೂರು ಮುಳುಗು ಹಾಕಿ, ಸೆರಗು ಹಿಂಡಿಕೊಳ್ಳುತ್ತ ಅಲ್ಲಿಯವರೆಗೆ ಹೋಗಿ, ಬೊಗಸೆಯಲ್ಲಿ ನೀರು ಹಾಕಿ ಬಂದಳು.

ಗುಡಿಗಳು ಬಾದಾಮಿ ಚಾಲುಕ್ಯರ ಕಾಲದವು, ಆರು–ಏಳನೇ ಶತಮಾನ. ಮಹಾಕೂಟೇಶ್ವರ, ಮಲ್ಲಿಕಾರ್ಜುನ ಗುಡಿಗಳದು ದ್ರಾವಿಡ ಶಿಖರ, ಅಂತಸ್ತು ಅಂತಸ್ತಾಗಿ ಏರುತ್ತದೆ. ಸಂಗಮೇಶ್ವರದ್ದು ನಾಗರ, ಬಾಗುತ್ತ ಮೇಲೆ ಹೋಗುತ್ತದೆ. ಎರಡೂ ಬಗೆಯನ್ನು ಹತ್ತು ಹೆಜ್ಜೆಯಲ್ಲಿ ನೋಡಬಹುದು. ಪಟ್ಟದಕಲ್ಲಿನಲ್ಲಿ ದೊಡ್ಡದಾಗಿ ಮಾಡಿದ್ದನ್ನು ಇಲ್ಲಿ ಮೊದಲೇ ಸಣ್ಣದಾಗಿ ಮಾಡಿ ನೋಡಿದ ಹಾಗಿದೆ. ಕೆಲವು ಗುಡಿಗಳಿಗೆ ಸುಣ್ಣ ಬಳಿದಿದ್ದಾರೆ, ಕೆತ್ತನೆ ಮಸುಕಾಗಿದೆ, ನೋಡಿ ಸಂಕಟವಾಯಿತು.

ನಾನು ಮುಖ್ಯವಾಗಿ ನೋಡಬೇಕು ಅಂದುಕೊಂಡಿದ್ದು ಒಂದು ಶಾಸನ. ಮಹಾಕೂಟ ಅಂದರೆ ಎಲ್ಲರೂ ಹೇಳುವುದು ಚಾಲುಕ್ಯ ದೊರೆ ಮಂಗಲೇಶನ ಧರ್ಮಜಯಸ್ತಂಭ ಅನ್ನುವ ಶಾಸನದ ಕಂಬ, ಆದರೆ ಅದು ಈಗ ಇಲ್ಲಿಲ್ಲ, ವಿಜಯಪುರದ ಗೋಳಗುಮ್ಮಟದ ಮ್ಯೂಸಿಯಂನಲ್ಲಿದೆ. ಇಲ್ಲೇ ಉಳಿದಿರುವುದು ವಿನಾಪೋಟಿಯ ಶಾಸನ, ಮಹಾಕೂಟೇಶ್ವರ ಗುಡಿಯ ಮುಖಮಂಟಪದಲ್ಲಿ. ದೊರೆ ವಿಜಯಾದಿತ್ಯನ (696–733) ಪ್ರಾಣವಲ್ಲಭೆ ಅವಳು. ದೇವರಿಗೆ ಮಾಣಿಕದ ಪೀಠ, ಬೆಳ್ಳಿ ಕೊಡೆ, ಹೊಲ ಕೊಟ್ಟಿದ್ದನ್ನು ಕನ್ನಡದಲ್ಲಿ ಬರೆಸಿದ್ದಾಳೆ. ನನ್ನ ಮನಸ್ಸು ಹಿಡಿದದ್ದು ಆ ಕೊಡುಗೆಯಲ್ಲ. ಅವಳು ತನ್ನನ್ನು ಗುರುತಿಸಿಕೊಳ್ಳುವ ರೀತಿ. ಮೊದಲು ಅಜ್ಜಿಯ ಹೆಸರು, ಆಮೇಲೆ ತಾಯಿಯ ಹೆಸರು, ಆಮೇಲೆ ತನ್ನದು. 1300 ವರ್ಷದ ಹಿಂದೆ ಒಬ್ಬ ಹೆಣ್ಣುಮಗಳು ತನ್ನ ಬೇರನ್ನು ಹೀಗೆ ಎಣಿಸಿ ಕಲ್ಲಿಗೆ ಹಾಕಿಸಿದ್ದಾಳೆ. ಅಕ್ಷರಗಳು ದುಂಡಗೆ, ಸಾಲು ನೇರ. ನನಗೆ ಒಂದೆರಡು ಅಕ್ಷರ ಮಾತ್ರ ಗುರುತು ಸಿಕ್ಕಿತು. ಅವ್ವನಿಗೆ ವಿಷಯ ಹೇಳಿದೆ. ಅವಳು ಒದ್ದೆ ಸೀರೆಯಲ್ಲೇ ಹತ್ತಿರ ಬಂದು ತುಂಬಾ ಹೊತ್ತು ನೋಡಿ, "ಅವರವ್ವನ ಹೆಸರ ಏನಂದಿ?" ಅಂತ ಕೇಳಿದಳು. ಕುಚಿಪೋಟಿ ಅಂದೆ. ಅವಳೂ ಮೆಲ್ಲಗೆ ಒಮ್ಮೆ ಅಂದುಕೊಂಡಳು.

ಹಳೇ ಬಾಗಿಲ ಕಡೆಗೂ ಹೋಗಿಬಂದೆವು, ಕಾಲುದಾರಿ ಬಂದು ಸೇರುವ ಕಡೆ. ಎರಡು ಬದಿಗೆ ಎಲುಬಿನ ಹಂದರದಂಥ ಎರಡು ಮೂರ್ತಿ, ಪಕ್ಕೆಲುಬು ಎಣಿಸಬಹುದು. ಭೈರವ, ಚಾಮುಂಡಿ ಅನ್ನುತ್ತಾರೆ. ಇವರೇ ವಾತಾಪಿ, ಇಲ್ವಲ ಅನ್ನುವವರೂ ಇದ್ದಾರೆ. ವಾತಾಪಿಯನ್ನು ಅಗಸ್ತ್ಯರು ಹೊಟ್ಟೆಯಲ್ಲೇ ಕರಗಿಸಿದ ಕತೆಯನ್ನು ಅವ್ವ ಅಲ್ಲೇ ನಿಂತು ಮೊಮ್ಮಗಳಿಗೆ ಹೇಳಿದಳು. ನನಗೂ ಸಣ್ಣವಳಿದ್ದಾಗ ಹೊಟ್ಟೆ ಸವರಿ "ವಾತಾಪಿ ಜೀರ್ಣೋ ಭವ" ಅನ್ನುತ್ತಿದ್ದಳು. ಬಾದಾಮಿಯ ಹಳೇ ಹೆಸರೇ ವಾತಾಪಿ, ಆ ವಾತಾಪಿಯ ಊರಲ್ಲೇ ಅದನ್ನು ಕೇಳಿದ್ದು ಇದೇ ಮೊದಲು.

ಹೊರಗೆ ಬುಟ್ಟಿ ಇಟ್ಟುಕೊಂಡು ಕೂತ ಒಬ್ಬ ಅಮ್ಮನ ಹತ್ತಿರ ಊಟ. ಕಟಕ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆಂಪು ಚಟ್ನಿ, ಗಟ್ಟಿ ಮೊಸರು. "ಇನ್ನೊಂದ ರೊಟ್ಟಿ ಹಾಕ್ಕೋರಿ ಅಕ್ಕಾರ" ಅಂತ ಕೇಳದೇ ಹಾಕಿದಳು. ಮಂಗಗಳ ಕಾಟ ಜಾಸ್ತಿ, ಪಕ್ಕದಲ್ಲಿ ಕೋಲು ಇಟ್ಟುಕೊಂಡೇ ಬಡಿಸುತ್ತಾಳೆ.

ಮರುದಿನ ಬಾದಾಮಿ ಮ್ಯೂಸಿಯಂನಲ್ಲಿ ಲಜ್ಜಾಗೌರಿ ನೋಡಿದೆವು, ತಲೆಯ ಜಾಗದಲ್ಲಿ ಅರಳಿದ ತಾವರೆ. ಅದು ಸಿಕ್ಕಿದ್ದು ನಾಗನಾಥಕೊಳ್ಳದಲ್ಲಿ, ಅದೂ ಈ ಕಾಡೊಳಗಿನ ಗುಡಿಯೇ. ಮುಂದಿನ ಸಲ ಅಲ್ಲಿಗೆ.

ಹೋಗುವವರು ಒಂದು ಜೊತೆ ಬಟ್ಟೆ ಜಾಸ್ತಿ ಇಟ್ಟುಕೊಳ್ಳಿ. ನಾನು ಒಯ್ದಿರಲಿಲ್ಲ, ನೀರಿಗಿಳಿಯುವ ವಿಚಾರವೇ ಇರಲಿಲ್ಲ. ಮಗಳು ಕೈ ಹಿಡಿದು ಎಳೆದಳು, ಇಳಿದೆ. ಬಾದಾಮಿಯವರೆಗೂ ಆಟೊದಲ್ಲಿ ಗಾಳಿಗೆ ಸೀರೆ ಒಣಗಿಸಿಕೊಂಡು ಬಂದೆ.