ಎರಡನೇ ಪ್ರಿಸಂನಲ್ಲಿ ಕೊನೆಗೂ ಹಸಿರು ಒಡೆಯಲಿಲ್ಲ

ಬಿಳಿ ಬೆಳಕು ಹಲವು ಬಣ್ಣಗಳ ಬೆರಕೆ, ಪ್ರಿಸಂನಿಂದ (ಬೆಳಕನ್ನು ಬಣ್ಣಗಳಾಗಿ ಹರಡುವ ತ್ರಿಕೋನ ಗಾಜು) ಬೇರೆಯಾದ ಒಂದು ಬಣ್ಣ ಎರಡನೇ ಪ್ರಿಸಂನಲ್ಲಿ ಮತ್ತೆ ಒಡೆಯದು: ನ್ಯೂಟನ್‌ನ ಈ ವಾದವನ್ನು ಅವನ ಪ್ರಯೋಗವನ್ನೇ ಮತ್ತೆ ಮಾಡಿ ನೋಡುತ್ತಿದ್ದೇನೆ. ಕತ್ತಲೆ ಕೋಣೆಗೆ ಕನ್ನಡಿಯಿಂದ ಬಿಸಿಲು ಬಿಟ್ಟು, ತೂತಿರುವ ಹಲಗೆಗಳಿಂದ ಒಂದು ಬಣ್ಣವನ್ನು ಆರಿಸುವ ಜೋಡಣೆ ಅದು. ನೇರವಾಗಿ ಕಾಟ ಕೊಟ್ಟ ಜಾಗಕ್ಕೆ ಬರೋಣ.

ನ್ಯೂಟನ್ 1672ರಲ್ಲಿ ಬರೆದಂತೆ ಎರಡು ಹಲಗೆ, ಎರಡು ಪ್ರಿಸಂ ಇಟ್ಟರೆ ಆರಿಸಿಕೊಂಡ ಬಣ್ಣ ಮತ್ತೆ ಒಡೆಯುತ್ತದೆ: ಹಸಿರಿನ ಒಂದಂಚಿಗೆ ಹಳದಿ, ಇನ್ನೊಂದಕ್ಕೆ ನೀಲಿ. ತೂತು ಕಿರಿದು ಮಾಡಿದರೂ, ಹಲಗೆ ದೂರ ಸರಿಸಿದರೂ ಅಷ್ಟೇ. ಕಾರಣ ಸೂರ್ಯ. ಅವನ ಬಿಂಬದ ಅಗಲ ಅರ್ಧ ಡಿಗ್ರಿ. 60 ಡಿಗ್ರಿಯ, ಕ್ರೌನ್ ಎಂಬ ಸಾಮಾನ್ಯ ಬಗೆಯ ಗಾಜಿನ ಪ್ರಿಸಂ ಕೆಂಪಿನಿಂದ ನೇರಳೆವರೆಗೆ ಹರಡುವುದು ಸುಮಾರು ಒಂದೂವರೆ ಡಿಗ್ರಿ. ಇಡೀ ರೋಹಿತದಲ್ಲಿ, ಅಂದರೆ ಹರಡಿದ ಬಣ್ಣದ ಪಟ್ಟಿಯಲ್ಲಿ, ಹಿಡಿಸುವುದು ಮೂರೇ ಬಿಂಬ! ಹಾಗಾಗಿ ಅಕ್ಕಪಕ್ಕದ ಬಣ್ಣಗಳು ಒಂದರ ಮೇಲೊಂದು ಬೀಳುತ್ತವೆ. ದೂರ ಹೆಚ್ಚಿಸಿದರೆ ಬಿಂಬ, ರೋಹಿತ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ.

1681ರಲ್ಲಿ ಫ್ರಾನ್ಸಿನ ವಿಜ್ಞಾನಿ ಮಾರಿಯೊಟ್ ಎರಡನೇ ಪ್ರಿಸಂನಲ್ಲಿ ನೇರಳೆಯ ಜೊತೆ ಕೆಂಪು, ಹಳದಿ ಕಂಡು ನ್ಯೂಟನ್ ವಾದವನ್ನು ಒಪ್ಪಲಿಲ್ಲ. ಅವನನ್ನು ದೂರುವಂತಿಲ್ಲ. ತತ್ವಶಾಸ್ತ್ರದ ಗಂಟು ಇರುವುದೂ ಇಲ್ಲೇ. ‘ಒಡೆದರೆ ಅದು ಶುದ್ಧ ಬಣ್ಣವಲ್ಲ’ ಎಂದುಬಿಟ್ಟರೆ ನ್ಯೂಟನ್‌ನನ್ನು ಯಾವ ಪ್ರಯೋಗವೂ ಸೋಲಿಸಲಾರದು. ತತ್ವಜ್ಞಾನಿ ಬೇಕನ್ 1620ರಲ್ಲಿ ಹೇಳಿದ, ಕವಲುದಾರಿಯ ಕೈಮರದಂಥ ನಿರ್ಣಾಯಕ ನಿದರ್ಶನ ಇದಾಗಬೇಕಾದರೆ, ಶುದ್ಧತೆ ಅಳೆಯಲು ಬಣ್ಣದ ಹೊರಗಿನ ಮಾನದಂಡ ಬೇಕು.

ಅದು ನ್ಯೂಟನ್‌ನ 1704ರ ಪುಸ್ತಕ ‘ಆಪ್ಟಿಕ್ಸ್’ನಲ್ಲಿ ಸಿಗುತ್ತದೆ: ಲೆನ್ಸ್. ನಾನು ಇಟ್ಟದ್ದು ಹೀಗೆ. ಎರಡು ಶೇವಿಂಗ್ ಬ್ಲೇಡ್‌ಗಳ ನಡುವೆ 1 ಮಿ.ಮೀ. ಸೀಳು, ಪ್ರಿಸಂನ ಅಂಚಿಗೆ ಸಮಾನಾಂತರವಾಗಿ. ಅಲ್ಲಿಂದ 2 ಮೀಟರಿಗೆ 1 ಮೀಟರ್ ಸಂಗಮದೂರದ ಲೆನ್ಸ್, ಅದರ ಬೆನ್ನಿಗೇ ಪ್ರಿಸಂ, ಮತ್ತೆ 2 ಮೀಟರಿಗೆ ಹಲಗೆ. ಈಗ ಹಲಗೆಯ ಮೇಲೆ ಮೂಡುವುದು ಸೀಳಿನ ಬಿಂಬ: ಅಗಲ 1 ಮಿ.ಮೀ., ರೋಹಿತದ ಉದ್ದ ಸುಮಾರು 5 ಸೆಂ.ಮೀ. ರೋಹಿತದಲ್ಲಿ ಹಿಡಿಸುವ ಬಿಂಬಗಳು ಮೂರಿದ್ದದ್ದು ಐವತ್ತಾಯಿತು. ಆರಿಸಿದ ಹಸಿರು ಎರಡನೇ ಪ್ರಿಸಂನಲ್ಲಿ ಒಡೆಯಲಿಲ್ಲ. ಸೀಳು ಕಿರಿದಾದಷ್ಟೂ ಬೆರಕೆ ಎಷ್ಟು ತಗ್ಗುತ್ತದೆಂದು ಬಣ್ಣ ನೋಡುವ ಮೊದಲೇ ರೇಖಾಗಣಿತ ಹೇಳುತ್ತದೆ. ವಾದ ಗೆಲ್ಲುವುದು ಇದರಿಂದ. ಒಂಟಿ ಲೆನ್ಸಿನಲ್ಲಿ ನೀಲಿ ಕೆಂಪಿಗಿಂತ ಸುಮಾರು 6 ಸೆಂ.ಮೀ. ಮೊದಲೇ ಫೋಕಸ್ ಆಗುವುದರಿಂದ, ಬಣ್ಣ ಬದಲಿಸಿದಾಗಲೆಲ್ಲ ಹಲಗೆಯನ್ನೂ ಸರಿಸಿ.

‘ಆಪ್ಟಿಕಲ್ ಗ್ರೇಡ್’ ಎಂದು ಒಳಗೆಲ್ಲ ಎಳೆ ಓಡಿದ ಗಾಜು ಕಳಿಸುವ ಮಾರಾಟಗಾರರು ಹೆಚ್ಚಾಗಿದ್ದಾರೆ. ಪ್ರಿಸಂ ಮೂಲಕ ಕಿಟಕಿ ಸರಳು ನೋಡಿ. ಅಂಕುಡೊಂಕಾಗಿ ಕಂಡರೆ ವಾಪಸ್ ಕಳಿಸಿ. ಗುಳ್ಳೆ, ಎಳೆಗಳ ಕಾಟವನ್ನು ನ್ಯೂಟನ್ ಕೂಡ ಬರೆದಿಟ್ಟಿದ್ದಾನೆ.

ಮುಂದಿನ ಪ್ರಯೋಗ ಬಾಯ್ಲ್‌ನ ಗಾಳಿಪಂಪು, ಪಾತ್ರೆಯೊಳಗಿನ ಗಾಳಿಯನ್ನು ಹೊರಗೆಳೆಯುವಂಥದ್ದು. ಪಂಪು ಸೋರುತ್ತದೆ, ಒಳಗೆ ನಿರ್ವಾತವೇ ಇಲ್ಲ ಎಂದು 1661ರಲ್ಲಿ ತತ್ವಜ್ಞಾನಿ ಹಾಬ್ಸ್ ಹಿಡಿದ ಪಟ್ಟು ಅದ್ಭುತ. ಅದಕ್ಕೆ ಸೀಮೆಎಣ್ಣೆ ಸ್ಟೌವಿನ ಚರ್ಮದ ವಾಷರ್ ಬೇಕು, ಯಾವ ಊರಲ್ಲಿ ಸಿಕ್ಕರೂ ಹೇಳಿ.

ನೇರಳೆ ಇನ್ನೂ ಬಾಕಿ. ಅದು ಮಂಕಾದ್ದರಿಂದ ಗಾಜಿನಲ್ಲಿ ಚದುರಿದ ಬಿಳಿ ಬೆಳಕು ಎದ್ದು ಕಾಣುತ್ತದೆ. 2 ಸೆಂ.ಮೀ. ತೂತಿನ ಕಪ್ಪು ಕಾಗದವನ್ನು ಲೆನ್ಸಿಗೆ ಹೊದಿಸಿ ನೋಡಬೇಕು.