ಎಂಎಸ್ ಇದ್ದಾಗ ಮಲಬದ್ಧತೆ: ಬರೀ ಸೊಪ್ಪು, ನೀರು ಸಾಲದು

ಹೊಟ್ಟೆ ಸರಿಯಾಗಿ ಹೋಗುತ್ತಿಲ್ಲ ಎಂದರೆ ಸಿಗುವ ಸಲಹೆ ಒಂದೇ: ಸೊಪ್ಪು ತಿನ್ನಿ, ನೀರು ಕುಡಿಯಿರಿ. ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್, ಅಂದರೆ ಮಿದುಳು, ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಕಾಯಿಲೆ) ಇರುವವರಿಗೆ ಇದು ಅರ್ಧ ಉತ್ತರ. ಬೆನ್ನುಹುರಿಯ ನರಗಳ ಹೊದಿಕೆ ಹಾಳಾದಾಗ ದೊಡ್ಡ ಕರುಳು ನಿಧಾನವಾಗುತ್ತದೆ. ಮಲ ಅಲ್ಲೇ ನಿಂತಷ್ಟೂ ಅದರ ನೀರು ಹೀರಿಹೋಗಿ ಗಟ್ಟಿಯಾಗುತ್ತದೆ. ಕೆಲವರಿಗೆ ತಿಣುಕುವಾಗ ಸಡಿಲಬೇಕಾದ ಸ್ನಾಯುವೇ ಬಿಗಿದುಕೊಳ್ಳುತ್ತದೆ. ಇಂಥ ಕರುಳಿಗೆ ಇಸಬ್ಗೋಲ್ ಮೇಲೆ ಇಸಬ್ಗೋಲ್ ಹಾಕಿದರೆ ಉಬ್ಬರವೇ ಹೆಚ್ಚು.

ಮೊದಲು ಮಾತ್ರೆಗಳ ಚೀಟಿ ತೆಗೆದು ನೋಡಿ. ಮೂತ್ರದ ಅವಸರಕ್ಕೆ ಕೊಡುವ ಆಕ್ಸಿಬ್ಯುಟಿನಿನ್, ಸೋಲಿಫೆನಾಸಿನ್, ನೋವಿನ ಅಮಿಟ್ರಿಪ್ಟಿಲಿನ್, ಟ್ರಮಡಾಲ್, ಕಬ್ಬಿಣದ ಮಾತ್ರೆ ಎಲ್ಲವೂ ಹೊಟ್ಟೆ ಕಟ್ಟುತ್ತವೆ. ನೀವಾಗಿ ನಿಲ್ಲಿಸಬೇಡಿ, ವೈದ್ಯರಲ್ಲಿ ಬದಲಿ ಕೇಳಿ. ಮೂತ್ರದ ಭಯಕ್ಕೆ ನೀರು ಕುಡಿಯುವುದನ್ನೇ ಬಿಡುವವರು ಬಹಳ. ಕಿಡ್ನಿ, ಹೃದಯದ ತೊಂದರೆ ಇಲ್ಲದಿದ್ದರೆ ದಿನಕ್ಕೆ 1.5ರಿಂದ 2 ಲೀಟರ್ ಬೇಕು. ಬಹುಪಾಲು ಸಂಜೆಯೊಳಗೇ ಮುಗಿಸಿ.

ಅತಿ ಮುಖ್ಯವಾದದ್ದು ಹೊತ್ತು. ಹೊಟ್ಟೆಗೆ ಆಹಾರ ಬಿದ್ದಾಗ ಕರುಳು ತಾನಾಗಿ ಅಲುಗುತ್ತದೆ, ಬೆಳಿಗ್ಗೆ ಇನ್ನೂ ಜೋರಾಗಿ. ತಿಂಡಿ, ಬಿಸಿ ಕಾಫಿ ಆದ 20–30 ನಿಮಿಷಕ್ಕೆ, ಒತ್ತಡ ಬರಲಿ ಬಿಡಲಿ, ದಿನವೂ ಹೋಗಿ ಕೂರಿ. ಕಾಲು ಬಿಗಿಯುವವರಿಗೆ ಕುಕ್ಕರುಗಾಲು ಕಷ್ಟ, ಬೀಳುವ ಭಯವೂ ಉಂಟು. ಕಮೋಡ್ ಮುಂದೆ 15–20 ಸೆಂ.ಮೀ. ಎತ್ತರದ, ಜಾರದ ಮಣೆ ಇಟ್ಟು ಪಾದ ಊರಿ, ಮಂಡಿ ಸೊಂಟಕ್ಕಿಂತ ಮೇಲಿರಲಿ. ಮೊಣಕೈ ತೊಡೆಯ ಮೇಲಿಟ್ಟು ಮುಂದಕ್ಕೆ ಬಾಗಿ, ಉಸಿರು ಬಿಗಿಹಿಡಿಯದೆ ಹೊಟ್ಟೆ ಉಬ್ಬಿಸಿ. ಹತ್ತು ನಿಮಿಷ ಸಾಕು. ತಿಣುಕುತ್ತಾ ಕೂತರೆ ಮೂಲವ್ಯಾಧಿ.

ಇಷ್ಟಕ್ಕೂ ಆಗದಿದ್ದರೆ ವೈದ್ಯರು ಸಾಮಾನ್ಯವಾಗಿ ಮೊದಲು ಕೊಡುವುದು ಮಲ ಮೆತ್ತಗಾಗಿಸುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ, 17 ಗ್ರಾಂ ಒಂದು ಲೋಟ ನೀರಿನಲ್ಲಿ, ಇಲ್ಲವೇ ಲ್ಯಾಕ್ಟುಲೋಸ್ ಸಿರಪ್. ಎರಡಕ್ಕೂ ಒಂದೆರಡು ದಿನ ಹಿಡಿಯುತ್ತದೆ, ಒಂದೇ ರಾತ್ರಿಗೆ ಸೋತಿತು ಎನ್ನಬೇಡಿ. ಮಲ ಕೆಳಗೇ ಬಂದು ನಿಂತಿದ್ದರೆ ಗ್ಲಿಸರಿನ್ ಅಥವಾ ಬಿಸಾಕೊಡಿಲ್ ಸಪೊಸಿಟರಿ (ಗುದದೊಳಗೆ ಇಡುವ ಮಾತ್ರೆ) ಬೇಗ ಕೆಲಸ ಮಾಡುತ್ತದೆ. ಬಿಸಾಕೊಡಿಲ್ ಗುದನಾಳದ ಗೋಡೆಗೆ ತಾಗಬೇಕು, ಮಲದೊಳಗೆ ಹೂತರೆ ವ್ಯರ್ಥ.

ಒಂದು ಮೋಸ ಗೊತ್ತಿರಲಿ. ಹಲವು ದಿನ ಹೋಗದೆ ಆಮೇಲೆ ನೀರುನೀರಾಗಿ ಸೋರಿದರೆ ಭೇದಿಯೆಂದು ಅದನ್ನು ನಿಲ್ಲಿಸುವ ಲೋಪೆರಮೈಡ್ ಮಾತ್ರೆ ನುಂಗಬೇಡಿ: ಗಟ್ಟಿಯಾಗಿ ಕೂತ ಮಲದ ಪಕ್ಕದಿಂದ ತೆಳುವಾದದ್ದು ಜಾರುತ್ತಿರಬಹುದು. ಅದೇ ಗಟ್ಟಿ ಮಲ ಮೂತ್ರಕೋಶವನ್ನೂ ಒತ್ತಿ ಮೂತ್ರ ಕಟ್ಟಿಸುತ್ತದೆ, ಕಾಲಿನ ಸೆಡೆತವನ್ನೂ ಹೆಚ್ಚಿಸುತ್ತದೆ. ಇದಕ್ಕೆ ಆ ದಿನವೇ ವೈದ್ಯರನ್ನು ಕಾಣಿ. ರಕ್ತ ಕಂಡರೆ, ಹೊಟ್ಟೆ ಬಿಗಿದು ವಾಂತಿಯಾದರೆ, ಗಾಳಿಯೂ ಹೋಗದಿದ್ದರೆ ನೇರ ಆಸ್ಪತ್ರೆಗೆ.